ಒಂದು ಗೆರೆ, ಎರಡು ಗೆರೆ

ನಮ್ಮ ಮನೆಯ ಬೀರುವಿನ ಕೆಳಖಾನೆಯಲ್ಲಿ ಒಂದು ಹಳೆಯ ಫೈಲಿದೆ. ನನ್ನ ಬಿ.ಎ., ಬಿ.ಇಡಿ. ಅಂಕಪಟ್ಟಿಗಳು, ಮನೆ ಕಂದಾಯದ ರಸೀದಿಗಳು, ಮಕ್ಕಳ ಜನನ ಪತ್ರಗಳು ಎಲ್ಲ ಅದರಲ್ಲೇ. ಅವುಗಳ ನಡುವೆ ನಾಲ್ಕಾಗಿ ಮಡಿಸಿದ ಒಂದು ಚೀಟಿ, ಅದಕ್ಕೆ ಪಿನ್ನು ಚುಚ್ಚಿ ಸೇರಿಸಿದ ಒಂದು ಇ.ಸಿ.ಜಿ. ಕಾಗದ. ಇ.ಸಿ.ಜಿ.ಯ ಗೆರೆಗಳು ಈಗ ಮಾಸಿ ಹೋಗಿವೆ. ಆ ಬಗೆಯ ಕಾಗದದ ಗುಣವೇ ಹಾಗೆ, ಬೆಳಕಿಗೂ ಬಿಸಿಗೂ ಬೇಗ ಅಳಿಸಿಹೋಗುತ್ತದೆ. ಚೀಟಿಯ ಮೇಲಿನ ನೀಲಿ ಶಾಯಿ ಮಾತ್ರ ನಿನ್ನೆ ಬರೆದ ಹಾಗಿದೆ. 'ಟ್ರೊಪೋನಿನ್: ನೆಗೆಟಿವ್.' ಅದರ ಕೆಳಗೆ ಗ್ಯಾಸಿಗೆ ಎರಡು ಮಾತ್ರೆ, ಒಂದು ಟಾನಿಕ್ಕು.

ಅದು ನನ್ನ ಅಕ್ಕನ ಚೀಟಿ. ಅವಳ ಮನೆಯಲ್ಲಿಟ್ಟರೆ ಭಾವ ಹರಿದು ಹಾಕುತ್ತಾರೆಂದು ನಾನು ತಂದಿಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಆಗ ಉತ್ತರ ಗೊತ್ತಿರಲಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಎಂದರೆ ಕೆಲವರು ಎಲ್ಲಿ ಎನ್ನುತ್ತಾರೆ. ಕರಿಸಿದ್ದೇಶ್ವರನ ಬೆಟ್ಟ ಎಂದರೆ ಓಹೋ ಎನ್ನುತ್ತಾರೆ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ಹೊಸದುರ್ಗ ರೋಡು ದಾಟಿದ ಮೇಲೆ ನಮ್ಮ ಊರಿನ ನಿಲ್ದಾಣ. ಸುತ್ತ ಅಡಿಕೆ, ತೆಂಗು. ಅಡಿಕೆ ಸುಗ್ಗಿ ಬಂತೆಂದರೆ ನಮ್ಮ ಕಡೆಯ ಹೆಂಗಸರಿಗೆ ಹಗಲು ರಾತ್ರಿಯ ವ್ಯತ್ಯಾಸವಿಲ್ಲ. ಸುಲಿಯುವುದು, ಬೇಯಿಸುವುದು, ಹರವುವುದು, ಆಳುಗಳಿಗೆ ಅಡುಗೆ ಮಾಡುವುದು. ಊರಿಗೂರೇ ಚೊಗರಿನ ವಾಸನೆ. 2012ರ ಅಂಥ ಒಂದು ಸುಗ್ಗಿಯ ಸಂಜೆ ನನ್ನ ಅಕ್ಕ ಅಡಿಕೆ ಬೇಯಿಸುವ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತವಳು ಏಳಲಾಗದೆ ಹಾಗೇ ಕೂತುಬಿಟ್ಟಳು.

ಸುದ್ದಿ ಬಂದಾಗ ನಾನು ಶಾಲೆಯಿಂದ ಬಂದು ಕಾಫಿಗೆ ನೀರಿಟ್ಟಿದ್ದೆ. ಓಡಿ ಹೋಗಿ ನೋಡಿದರೆ ಅಕ್ಕನ ಸೆರಗು ಬೆವರಿಗೆ ಒದ್ದೆಯಾಗಿತ್ತು. "ಎದೆ ನೋಯ್ತೈತಾ?" ಎಂದೆ. "ಎದೆಯಲ್ಲ ಕಣೆ. ದವಡೆ ಹಿಡ್ಕಂಡೈತೆ, ರೆಟ್ಟೆ ಎರಡೂ ಸೋತಂಗಾಗ್ತೈತೆ, ಓಕರಿಕೆ. ಮಧ್ಯಾಹ್ನ ತಂಗಳು ಉಂಡಿದ್ದೆ ನೋಡು, ಅದೇ" ಎಂದಳು. ಜೀರಿಗೆ ಕಷಾಯ ಆಯಿತು, ಸೋಡಾ ಆಯಿತು. ಪಕ್ಕದ ಮನೆಯ ಅಜ್ಜಿ ದೃಷ್ಟಿ ತೆಗೆದರು. ಕೊನೆಗೆ ಭಾವ ಒಂದು ಕಾರು ಮಾಡಿಸಿ ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ನೋವು ಶುರುವಾಗಿ ಅಷ್ಟೊತ್ತಿಗೆ ಒಂದೂವರೆ ಗಂಟೆ ಆಗಿದ್ದಿರಬೇಕು.

ಅಲ್ಲಿ ಇ.ಸಿ.ಜಿ. ತೆಗೆದರು. ಡಾಕ್ಟರು ಅದನ್ನು ಎತ್ತಿ ಹಿಡಿದು, "ಸ್ವಲ್ಪ ವ್ಯತ್ಯಾಸ ಇದೆ, ಈ ವಯಸ್ಸಿಗೆ ಇರುತ್ತೆ. ಯಾವುದಕ್ಕೂ ರಕ್ತ ನೋಡಿಬಿಡೋಣ" ಎಂದರು. ನರ್ಸಮ್ಮ ಬೆರಳುದ್ದದ ಒಂದು ಬಿಳಿಯ ಕಾರ್ಡು ತಂದು ಅದರ ಕುಳಿಗೆ ಕೆಲವು ತೊಟ್ಟು ಹಾಕಿದಳು. ಅದನ್ನು ನೋಡಿ ನನಗೆ ಬೇರೆಯದೇ ಕಾರ್ಡು ನೆನಪಾಯಿತು. ಹೊಸದಾಗಿ ಮದುವೆಯಾದ ಹುಡುಗಿಯರು ಬಚ್ಚಲುಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ನೋಡಿಕೊಳ್ಳುತ್ತಾರಲ್ಲ, ಅಂಥದ್ದೇ. ಅಲ್ಲಿ ಎರಡು ಗೆರೆ ಬಂದರೆ ಮನೆಯಲ್ಲಿ ಪಾಯಸ. ಇಲ್ಲಿ ಎರಡು ಗೆರೆ ಬಂದರೆ ಹೃದಯಾಘಾತ. ಕಾಲು ಗಂಟೆ ಕಾದೆವು. ಒಂದೇ ಗೆರೆ ಬಂತು.

"ಹಾರ್ಟಿಂದಲ್ಲ. ಗ್ಯಾಸ್ಟ್ರಿಕ್ಕು. ಧೈರ್ಯವಾಗಿ ಮನೆಗೆ ಹೋಗಿ" ಎಂದರು ಡಾಕ್ಟರು. ನಮಗೆ ಆದ ಸಂತೋಷ ಹೇಳತೀರದು. ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಇಡ್ಲಿ ತಿಂದೆವು. ಅಕ್ಕ ತಿನ್ನಲಿಲ್ಲ. ನಾನು ಅವಳಿಗೆ, "ಸುಮ್ಮಸುಮ್ಮನೆ ಎಲ್ಲರನ್ನೂ ಹೆದರಿಸಿಬಿಟ್ಟೆಯಲ್ಲ" ಎಂದು ರೇಗಿಸಿದೆ. ಈ ಮಾತನ್ನು ನಾನು ಆಡಿದ್ದು ನಿಜ, ಅದಕ್ಕೇ ಬರೆದಿದ್ದೇನೆ.

ರಾತ್ರಿಯಿಡೀ ಅವಳು ಗೋಡೆಗೆ ಒರಗಿ ಕೂತೇ ಇದ್ದಳಂತೆ. ಮಲಗಿದವರ ನಿದ್ದೆ ಕೆಡುತ್ತದೆಂದು ಯಾರನ್ನೂ ಎಬ್ಬಿಸಲಿಲ್ಲವಂತೆ. ಬೆಳಗ್ಗೆ ಉಸಿರು ಸಿಗದೆ ಒದ್ದಾಡುವಾಗ ದಾವಣಗೆರೆಗೆ ಸಾಗಿಸಿದೆವು. ಅಲ್ಲಿ ಎಲ್ಲ ನೋಡಿ, ಹೃದಯದ ಒಂದು ಭಾಗಕ್ಕೆ ಆಗಲೇ ಪೆಟ್ಟು ಬಿದ್ದು ಹೋಗಿದೆ ಎಂದರು. ಭಾವ ಜೇಬಿನಿಂದ ಆ ಚೀಟಿ ತೆಗೆದು, "ನಿನ್ನೆ ನೆಗೆಟಿವ್ ಅಂದಿದ್ರಲ್ಲ ಸಾರ್" ಎಂದರು. ಆ ವೈದ್ಯರು ಚೀಟಿ ನೋಡಿ ಬೈಯಲಿಲ್ಲ, ಯಾರನ್ನೂ ದೂರಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನೋವು ಶುರುವಾದ ಎಷ್ಟು ಹೊತ್ತಿಗೆ ಮಾಡಿದರು ಇದನ್ನು? ಆಮೇಲೆ ಇನ್ನೊಂದು ಸಲ ಮಾಡಲಿಲ್ಲವಾ?"

ಅಕ್ಕ ಉಳಿದಳು. ಆದರೆ ಬೆಟ್ಟದ ಮೆಟ್ಟಿಲು ಹತ್ತುವುದು, ನೀರಿನ ಕೊಡ ಎತ್ತುವುದು, ಹಂಡೆಯ ಮುಂದೆ ಕೂರುವುದು ಎಲ್ಲ ಅವತ್ತಿಗೇ ನಿಂತುಹೋದವು.

ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು. ಯಾವ ಸಂಗತಿಯಾದರೂ ಅದು ಯಾವ ಇಸವಿಯಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು ಎಂದು ಕೆದಕುವುದು ನನ್ನ ಚಾಳಿ. ಆ ಬಿಳಿಯ ಕಾರ್ಡು ಎಲ್ಲಿಂದ ಬಂತು? ಅದು ಸುಳ್ಳು ಹೇಳಿತೇ, ಅಥವಾ ನಾವು ಕೇಳಿದ್ದೇ ತಪ್ಪಾಯಿತೇ? ಅಕ್ಕನ ಮಗಳು ಮುಂದೆ ಪ್ರಯೋಗಾಲಯದ ಕೋರ್ಸನ್ನೇ ಓದಿದಳು. ರಜೆಗೆ ಬಂದಾಗಲೆಲ್ಲ ಅವಳನ್ನು ಕೂರಿಸಿಕೊಂಡು ಕೇಳುತ್ತಿದ್ದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನೂ ಬಿಡಲಿಲ್ಲ. ಹೀಗೆ ಕೂಡಿಹಾಕಿದ ಇತಿಹಾಸ ಇದು.

ಹೃದಯಾಘಾತವನ್ನು ವೈದ್ಯರು ಬದುಕಿರುವ ರೋಗಿಯಲ್ಲೇ ಗುರುತಿಸಬಹುದು, ಆಘಾತವಾದ ಎಲ್ಲರೂ ಆ ಕ್ಷಣವೇ ಸಾಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆದವರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಮುಖ್ಯರು. ಅದು 1912ರಲ್ಲಿ. ಹಾಲೆಂಡಿನ ಐಂಥೋವೆನ್ ಅದಕ್ಕೆ ಹತ್ತು ವರ್ಷ ಮೊದಲೇ ಇ.ಸಿ.ಜಿ. ಯಂತ್ರ ಮಾಡಿದ್ದರು. ಆದರೆ ಇ.ಸಿ.ಜಿ. ಎಲ್ಲ ಆಘಾತಗಳನ್ನೂ ತೋರಿಸುವುದಿಲ್ಲ. ಕೆಲವರಲ್ಲಿ ಗೆರೆ ಬೆಟ್ಟದಂತೆ ಮೇಲೆದ್ದು ಕೂಗಿ ಹೇಳುತ್ತದೆ. ಇನ್ನು ಕೆಲವರಲ್ಲಿ ಪಿಸುಗುಟ್ಟುತ್ತದೆ, ಅಥವಾ ಸುಮ್ಮನಿರುತ್ತದೆ. ಆ ಸುಮ್ಮನಿರುವವರನ್ನು ಹಿಡಿಯುವುದು ಹೇಗೆ?

1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್ಸ್ಕಿ, ಕಾರ್ಮೆನ್ ಎಂಬ ಮೂವರು ಇದಕ್ಕೊಂದು ದಾರಿ ತೋರಿಸಿದರು. ನಮ್ಮ ಹಿರಿಯರ ಮನೆಗಳಲ್ಲಿ ರಾಗಿ ತುಂಬುವ ಕಣಜ ಇರುತ್ತಿತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಕಣಜದ ಗೋಡೆ ಬಿರಿದರೆ ಒಳಗಿನ ಕಾಳು ಬೀದಿಗೆ ಸೋರುತ್ತದೆ. ಒಳಗೆ ಹೋಗಿ ನೋಡಬೇಕಾಗಿಲ್ಲ, ಬೀದಿಯಲ್ಲಿ ಕಾಳು ಕಂಡರೆ ಎಲ್ಲೋ ಕಣಜ ಬಿರಿದಿದೆ ಎಂದು ತಿಳಿಯಬಹುದು. ಹಾಗೆಯೇ ರಕ್ತ ಸಿಗದೆ ಹೃದಯದ ಸ್ನಾಯು ಸತ್ತಾಗ ಅದರ ಕೋಶಗಳ ಗೋಡೆ ಒಡೆದು ಒಳಗಿನ ವಸ್ತುಗಳು ರಕ್ತಕ್ಕೆ ಸೋರುತ್ತವೆ. ಆ ಮೂವರು ಸೋರಿದ ಒಂದು ಕಿಣ್ವವನ್ನು ರಕ್ತದಲ್ಲಿ ಅಳೆದರು. ಅದರ ಹೆಸರು ನಿಮಗೆಲ್ಲ ಗೊತ್ತು. ಲ್ಯಾಬಿನ ರಿಪೋರ್ಟುಗಳಲ್ಲಿ ಎಸ್.ಜಿ.ಓ.ಟಿ. ಎಂದು ಬರುತ್ತದಲ್ಲ, ಅದೇ. ಈಗ ಅದನ್ನು ಲಿವರಿನ ಪರೀಕ್ಷೆ ಎಂದುಕೊಂಡಿದ್ದೇವೆ. ಅದು ಹೆಸರು ಮಾಡಿದ್ದು ಮೊದಲು ಹೃದಯದ ಪರೀಕ್ಷೆಯಾಗಿ.

ತೊಂದರೆ ಏನೆಂದರೆ, ರಾಗಿ ಎಲ್ಲರ ಮನೆಯಲ್ಲೂ ಇರುತ್ತದೆ. ಬೀದಿಯಲ್ಲಿ ಬಿದ್ದ ಕಾಳು ಯಾರ ಮನೆಯದು? ಈ ಕಿಣ್ವ ಹೃದಯದಲ್ಲೂ ಇದೆ, ಲಿವರಿನಲ್ಲೂ ಇದೆ, ಕೈಕಾಲಿನ ಸ್ನಾಯುಗಳಲ್ಲೂ ಇದೆ. ಆಮೇಲೆ ಬಂದ ಎಲ್.ಡಿ.ಎಚ್., ಸಿ.ಪಿ.ಕೆ. ಇವುಗಳದ್ದೂ ಹೆಚ್ಚುಕಡಿಮೆ ಅದೇ ಕಥೆ. ಸಿ.ಪಿ.ಕೆ.ಯಲ್ಲೇ ಹೃದಯಕ್ಕೆ ಹತ್ತಿರವಾದ ಎಂ.ಬಿ. ಎಂಬ ಬಗೆಯನ್ನು ಬೇರ್ಪಡಿಸಿದ ಮೇಲೆ ಸ್ವಲ್ಪ ವಾಸಿಯಾಯಿತು. ದಶಕಗಳ ಕಾಲ ವೈದ್ಯರು ಅದನ್ನೇ ನಂಬಿದರು. ಆದರೂ ಹೃದಯದ ಮನೆಯಲ್ಲಿ ಮಾತ್ರ ಬೆಳೆಯುವ ಕಾಳು ಯಾವುದು ಎಂಬ ಹುಡುಕಾಟ ನಿಂತಿರಲಿಲ್ಲ.

ಅದು ಸಿಕ್ಕಿದ್ದು ಹೃದಯಾಘಾತದ ಯೋಚನೆಯೇ ಇಲ್ಲದಿದ್ದವರಿಗೆ. ಜಪಾನಿನ ಟೋಕಿಯೋ ವಿಶ್ವವಿದ್ಯಾಲಯದ ಸೆತ್ಸುರೋ ಎಬಾಶಿ ಎಂಬುವರು, ಸ್ನಾಯು ಬಿಗಿಯುವುದೂ ಸಡಿಲಾಗುವುದೂ ಕ್ಯಾಲ್ಸಿಯಂನಿಂದ ಹೇಗೆ ನಡೆಯುತ್ತದೆ ಎಂದು ತಲೆಕೆಡಿಸಿಕೊಂಡಿದ್ದರು. 1964ರಲ್ಲಿ ಅವರು ಈ ಬಗ್ಗೆ ಬರೆದ ಒಂದು ಪ್ರಬಂಧಕ್ಕೆ ಜೊತೆ ಲೇಖಕಿ ಅವರ ಪತ್ನಿ ಫುಮಿಕೋ ಎಬಾಶಿ. ಮರುವರ್ಷ, 1965ರಲ್ಲಿ, ಅವರೂ ಅಯಾಕೋ ಕೊಡಾಮಾ ಎಂಬ ಮಹಿಳೆಯೂ ಸೇರಿ ಸ್ನಾಯುವಿನಲ್ಲಿ ಒಂದು ಹೊಸ ಪ್ರೋಟೀನನ್ನು ಗುರುತಿಸಿದರು. ಅದೇ ಟ್ರೊಪೋನಿನ್. ಅಕ್ಕನ ಚೀಟಿಯ ಮೇಲಿದ್ದ ಶಬ್ದ. ಇದನ್ನು ತಿಳಿದ ದಿನ ನಾನು ಆ ಎರಡು ಹೆಸರುಗಳನ್ನು ಡೈರಿಯಲ್ಲಿ ಬರೆದುಕೊಂಡೆ, ಫುಮಿಕೋ, ಅಯಾಕೋ. ಎಬಾಶಿಯವರ ಹೆಸರು ಎಲ್ಲ ಕಡೆ ಸಿಗುತ್ತದೆ. ಈ ಇಬ್ಬರದನ್ನು ಹುಡುಕಿ ತೆಗೆಯಬೇಕು. ಮನೆಕಟ್ಟಿದ ಸಂಗತಿ ಹೇಳುವಾಗ ಯಜಮಾನರ ಹೆಸರು ಮಾತ್ರ ಬರುತ್ತದಲ್ಲ, ಹಾಗೆ.

ಟ್ರೊಪೋನಿನ್ ಒಂದಲ್ಲ, ಮೂರು ತುಂಡು ಸೇರಿ ಆದದ್ದು ಎಂದು 1970ರ ದಶಕದ ಆರಂಭಕ್ಕೆ ತಿಳಿಯಿತು. ಅದರಲ್ಲಿ 'ಐ' ಮತ್ತು 'ಟಿ' ಎಂದು ಕರೆಯುವ ಎರಡು ತುಂಡುಗಳ ರಚನೆ ಹೃದಯದಲ್ಲಿ ಒಂದು ಬಗೆ, ಕೈಕಾಲಿನ ಸ್ನಾಯುಗಳಲ್ಲಿ ಇನ್ನೊಂದು ಬಗೆ. ಅಂತೂ ಆ ಒಂದು ಮನೆಯ ಕಾಳು ಸಿಕ್ಕಿತು. 1987ರಲ್ಲಿ ಇಂಗ್ಲೆಂಡಿನ ಕಮಿನ್ಸ್ ಮತ್ತು ಸಂಗಡಿಗರು ಹೃದಯದ ಟ್ರೊಪೋನಿನ್ 'ಐ' ಅನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟಿಸಿದರು. 1989ರಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ಮತ್ತು ಸಂಗಡಿಗರು 'ಟಿ'ಗೆ ಒಂದು ವಿಧಾನ ಮಾಡಿದರು. 2000ದಲ್ಲಿ ಯೂರೋಪು ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಕೂಡಿ ಹೃದಯಾಘಾತ ಎಂದರೇನು ಎಂಬ ವ್ಯಾಖ್ಯೆಯನ್ನೇ ಬದಲಿಸಿ ಟ್ರೊಪೋನಿನ್ನಿಗೆ ಮೊದಲ ಮಣೆ ಹಾಕಿದವು.

ಇನ್ನು ನಮ್ಮ ಕಾರ್ಡಿನ ಸಂಗತಿ. ಯಂತ್ರ ಬೇಡ, ದೊಡ್ಡ ಲ್ಯಾಬು ಬೇಡ, ರೋಗಿಯ ಮಂಚದ ಪಕ್ಕದಲ್ಲೇ ಕಾಲು ಗಂಟೆಯಲ್ಲಿ ಗೊತ್ತಾಗಬೇಕು ಎಂಬ ಆಸೆಯಿಂದ 1990ರ ದಶಕದಲ್ಲಿ ಇದು ಬಂತು. ಕಾರ್ಡಿನೊಳಗೆ ಹೀರುವ ಕಾಗದದಂಥ ಒಂದು ಪಟ್ಟಿ. ರಕ್ತ ಅದರ ಮೇಲೆ ಹರಿದು ಬರುವಾಗ ದಾರಿಯಲ್ಲಿ ಬಣ್ಣದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ಟ್ರೊಪೋನಿನ್ ಇದ್ದರೆ ಹಿಡಿದುಕೊಳ್ಳುತ್ತವೆ. ಮುಂದೆ ಒಂದು ಕಡೆ ಅದೇ ಟ್ರೊಪೋನಿನ್ನಿಗೆ ಕಾದು ಕೂತ ಬೇರೆ ಪ್ರತಿಕಾಯಗಳು ಅವನ್ನು ತಡೆದು ನಿಲ್ಲಿಸುತ್ತವೆ, ಬಣ್ಣ ಅಲ್ಲಿ ಸೇರಿ ಗೆರೆಯಾಗುತ್ತದೆ. ಇನ್ನೊಂದು ಗೆರೆ ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ, ಅದು ಯಾವಾಗಲೂ ಬರಬೇಕು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಕ್ಕನ ಮಗಳು ಒಮ್ಮೆ 1997ರ ಒಂದು ಅಧ್ಯಯನದ ಸಂಗತಿ ಹೇಳಿದಳು. ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜರ್ಮನಿಯ ಕ್ರಿಸ್ಟಿಯನ್ ಹಾಮ್ ಮತ್ತು ಸಂಗಡಿಗರು ಎದೆನೋವೆಂದು ತುರ್ತು ಚಿಕಿತ್ಸೆಗೆ ಬಂದ, ಆದರೆ ಇ.ಸಿ.ಜಿ.ಯಲ್ಲಿ ದೊಡ್ಡ ಆಘಾತದ ಗುರುತು ಕಾಣದ 773 ಜನರಿಗೆ ಮಂಚದ ಪಕ್ಕದಲ್ಲೇ ಇಂಥ ಪರೀಕ್ಷೆ ಮಾಡಿದರು. ಎಷ್ಟು ಸಲ? ಪ್ರತಿಯೊಬ್ಬರಿಗೂ ಎರಡು ಸಲ. ಬಂದ ಕೂಡಲೇ ಒಂದು, ನಾಲ್ಕು ಗಂಟೆಯೋ ಇನ್ನೂ ಹೆಚ್ಚೋ ಬಿಟ್ಟು ಇನ್ನೊಂದು. ನೋವು ಶುರುವಾಗಿ ಕಡೇಪಕ್ಷ ಆರು ಗಂಟೆ ಆದ ಮೇಲಿನ ರಕ್ತ ಒಮ್ಮೆಯಾದರೂ ಪರೀಕ್ಷೆಗೆ ಒಳಗಾಗಿರಬೇಕು ಎಂಬುದು ಅವರ ನಿಯಮ. ಎರಡು ಸಲವೂ ನೆಗೆಟಿವ್ ಬಂದವರಿಗೆ ಮುಂದಿನ ಒಂದು ತಿಂಗಳಲ್ಲಿ ಅಪಾಯ ತೀರಾ ಕಡಿಮೆ ಎಂದು ಕಂಡುಬಂತು. 'ಟಿ' ಪರೀಕ್ಷೆಯಲ್ಲಿ ನೂರಕ್ಕೆ 1.1, 'ಐ'ನಲ್ಲಿ ನೂರಕ್ಕೆ 0.3.

ಎಂದರೆ ಈ ಪರೀಕ್ಷೆಗೆ ಜಗತ್ತಿನಲ್ಲಿ ಮಾನ್ಯತೆ ಸಿಕ್ಕಿದ್ದೇ ಎರಡು ಸಲ ಮಾಡುವ ಪರೀಕ್ಷೆಯಾಗಿ. ಕಾರಣ ಸರಳ. ಕಣಜ ಬಿರಿದ ಕೂಡಲೇ ಕಾಳು ಬೀದಿಗೆ ತಲುಪುವುದಿಲ್ಲ. ಟ್ರೊಪೋನಿನ್ ರಕ್ತದಲ್ಲಿ ಆ ಕಾರ್ಡಿಗೆ ಕಾಣುವಷ್ಟು ಸೇರಲು ಮೂರು ನಾಲ್ಕು ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಬೇಕು. ಒಂದೂವರೆ ಗಂಟೆಗೆ ಬಂದ ಒಂದು ಗೆರೆಗೆ 'ಆಘಾತವಾಗಿಲ್ಲ' ಎಂಬ ಅರ್ಥವಿಲ್ಲ. 'ಇನ್ನೂ ಗೊತ್ತಿಲ್ಲ, ಕೂತಿರಿ' ಎಂಬುದೇ ಅದರ ಅರ್ಥ. ಕಾರ್ಡು ಹಾಂಬರ್ಗಿನಂಥ ಊರುಗಳಿಂದ ನಮ್ಮ ಕಡೆಯ ಚಿಕ್ಕ ಊರುಗಳಿಗೆ ಬಂತು. ಅದರ ಜೊತೆಗಿದ್ದ ನಾಲ್ಕು ಗಂಟೆಯ ಕಾಯುವಿಕೆ ಎಲ್ಲೋ ದಾರಿಯಲ್ಲಿ ಇಳಿದುಹೋಯಿತು. ಡಾಕ್ಟರೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ಅವತ್ತು ಅವರು ಇನ್ನೂ ನಾಲ್ಕು ಗಂಟೆ ಇರಿ ಎಂದಿದ್ದರೆ ನಾವು ಇರುತ್ತಿದ್ದೆವೇ? ಆಳುಗಳು ಕಾಯುತ್ತಿದ್ದಾರೆ, ಹಂಡೆಯಲ್ಲಿ ಅಡಿಕೆ ಇದೆ, ನನಗೆ ಬೆಳಗಾದರೆ ಶಾಲೆ. ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಕ್ಕನೇ. ಮನೆಗೆ ಹೋಗಿ ಎಂದರೆ ಸಾಕು ಎಂದು ಕಾಯುವವರು ನಾವು ಹೆಂಗಸರು.

ಹೆಂಗಸರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎದೆ ಹಿಡಿದುಕೊಂಡು ಕುಸಿಯುವುದು ಸಿನಿಮಾದ ಹೃದಯಾಘಾತ. ಎದೆನೋವು ಹೆಂಗಸರಲ್ಲೂ ಇರುತ್ತದೆ, ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ, ಓಕರಿಕೆ, ಉಸಿರು ಕಟ್ಟುವುದು, ಹೇಳಲಾಗದ ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಬರುತ್ತವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ನಮ್ಮ ಅಡುಗೆಮನೆಯಲ್ಲಿ ಒಂದೊಂದು ಕಾರಣ ಸಿದ್ಧವಾಗಿದೆ. ತಂಗಳು ಉಂಡದ್ದು, ಉಪವಾಸ ಮಾಡಿದ್ದು, ಮುಟ್ಟು ನಿಲ್ಲುವ ಕಾಲ.

ರಕ್ತದ ಪರೀಕ್ಷೆಯಲ್ಲಾದರೂ ಗಂಡು ಹೆಣ್ಣು ಒಂದೇ ಎಂದುಕೊಂಡಿದ್ದೆ. ಅಲ್ಲೂ ಅಲ್ಲ. ತೀರಾ ಸೂಕ್ಷ್ಮ ಪ್ರಮಾಣದ ಟ್ರೊಪೋನಿನ್ ಅನ್ನೂ ಅಳೆಯಬಲ್ಲ ಯಂತ್ರ ಪರೀಕ್ಷೆಗಳು 2010ರ ಸುಮಾರಿಗೆ ಯೂರೋಪಿನಲ್ಲಿ ಬಳಕೆಗೆ ಬಂದವು. ಆಗ ಗೊತ್ತಾದ ಸಂಗತಿ, ಆರೋಗ್ಯವಂತರ ರಕ್ತದಲ್ಲೂ ಇದು ಚೂರುಪಾರು ಇರುತ್ತದೆ, ಮತ್ತು ಹೆಂಗಸರಲ್ಲಿ ಗಂಡಸರಿಗಿಂತ ಕಡಿಮೆ ಇರುತ್ತದೆ. ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಗಂಡಸರಿಗೆ ಮಿತಿ ಒಂದು ಲೀಟರಿಗೆ 34 ನ್ಯಾನೊಗ್ರಾಂ, ಹೆಂಗಸರಿಗೆ 16. ಎಲ್ಲರಿಗೂ ಒಂದೇ ಮಿತಿ ಇಟ್ಟರೆ ಹೆಂಗಸಿನ ಆಘಾತ ಆ ಅಳತೆಗೋಲಿನ ಕೆಳಗೇ ನುಸುಳಿಹೋಗುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಂಗಸರಿಗೆ ಅವರದೇ ಮಿತಿ ಬಳಸಿದಾಗ ಹೃದಯಾಘಾತ ಎಂದು ಪತ್ತೆಯಾದವರು ನೂರಕ್ಕೆ 11ರಿಂದ 22ಕ್ಕೆ ಏರಿದರು. ಗಂಡಸರಲ್ಲಿ 19 ಇದ್ದದ್ದು 21 ಆಯಿತು, ಅಷ್ಟೆ. ಅಂದರೆ ಅದುವರೆಗೆ ಪತ್ತೆಯಾದ ಒಬ್ಬೊಬ್ಬ ಹೆಂಗಸಿಗೂ ಒಬ್ಬೊಬ್ಬಳು 'ನಿನಗೇನೂ ಆಗಿಲ್ಲ' ಎನಿಸಿಕೊಂಡು ಮನೆಗೆ ಹೋಗುತ್ತಿದ್ದಳು.

ಇದನ್ನು ಓದಿ ಹಿಗ್ಗಿದ್ದ ನನಗೆ 2019ರ ಇನ್ನೊಂದು ವರದಿ ತಣ್ಣೀರೆರಚಿತು. ಸ್ಕಾಟ್ಲೆಂಡಿನಲ್ಲೇ 48 ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ಗಮನಿಸಿ ಬರೆದದ್ದು. ಹೊಸ ಮಿತಿಯಿಂದ ಹೃದಯಕ್ಕೆ ಪೆಟ್ಟಾದ ಹೆಂಗಸರು ಹೆಚ್ಚು ಸಂಖ್ಯೆಯಲ್ಲಿ ಪತ್ತೆಯಾದರು, ನಿಜ. ಹಾಗೆ ಹೊಸದಾಗಿ ಸಿಕ್ಕವರಲ್ಲಿ ಗಂಡಸರ ಐದರಷ್ಟು ಹೆಂಗಸರಿದ್ದರು. ಆದರೆ ಅವರಿಗೆ ದೊರೆತ ಚಿಕಿತ್ಸೆ ಗಂಡಸರಿಗೆ ದೊರೆತದ್ದರ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಫಲಿತಾಂಶವೂ ಸುಧಾರಿಸಲಿಲ್ಲ. ರಕ್ತ ಹೇಳಿತು, ಕಾಗದದ ಮೇಲೆ ಬರೆದೂ ಇತ್ತು, ಆದರೂ! ಅಂಥ ಮುಂದುವರಿದ ದೇಶದ ಕಥೆಯೇ ಹೀಗಾದರೆ ಎಂದು ನಿಟ್ಟುಸಿರು ಬಿಟ್ಟೆ.

ನಮ್ಮ ನಾಡಿನ ಕಡೆ ನೋಡಿದರೆ, ಹೃದಯ ಎಂದ ಕೂಡಲೇ ಕರ್ನಾಟಕದ ಜನರ ಬಾಯಲ್ಲಿ ಬರುವ ಹೆಸರು ಜಯದೇವ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶುರುವಾಗಿ ಆಮೇಲೆ ಬನ್ನೇರುಘಟ್ಟ ರಸ್ತೆಗೆ ಹೋದ ಆ ಸಂಸ್ಥೆಗೆ ಇಟ್ಟ ಹೆಸರು ನಮ್ಮ ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳದು. ಬಡ ಹುಡುಗರ ಓದಿಗಾಗಿ ಊರೂರಲ್ಲಿ ಪ್ರಸಾದನಿಲಯ ತೆರೆಸಿದ ಗುರುಗಳು ಅವರು. ದಾವಣಗೆರೆಯ ಜಯದೇವ ಸರ್ಕಲ್ಲಿನಲ್ಲಿ ಬಸ್ಸಿಳಿಯುವಾಗಲೆಲ್ಲ ನನಗೆ, ಈ ಹೆಸರು ಅನ್ನ ಮತ್ತು ಅಕ್ಷರದಿಂದ ಹೊರಟು ಹೃದಯಕ್ಕೆ ಹೋಗಿ ಸೇರಿತಲ್ಲ ಎನಿಸುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೇ ತೀರಿಕೊಂಡಾಗ ಜನ ಇ.ಸಿ.ಜಿ. ತೆಗೆಸಿಕೊಳ್ಳಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಸಾಲಿನ ಚಿತ್ರಗಳನ್ನು ನೋಡುವಾಗ ಅದರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಎಣಿಸುವ ಅಭ್ಯಾಸ ನನಗಾಗಿದೆ. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಪ್ರಕಟಿಸಿ ಹಂತಹಂತವಾಗಿ ಜಾರಿಗೆ ತಂದಿತು. ಅದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷಗಳಲ್ಲಿ ದೂರದ ದೊಡ್ಡ ಕೇಂದ್ರದ ತಜ್ಞರ ಕಣ್ಣಿಗೆ ಬೀಳುತ್ತದೆ. ರಕ್ತನಾಳ ಪೂರ್ತಿ ಕಟ್ಟಿದ ದೊಡ್ಡ ಆಘಾತ ಎಂದು ಕಂಡರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದು ಬಹಳ ದೊಡ್ಡ ಮಾತು. ಅಂಥ ಆಘಾತದಲ್ಲಿ ರಕ್ತ ಪರೀಕ್ಷೆಗಾಗಿ ಕಾಯಲೇಬಾರದು, ಇ.ಸಿ.ಜಿ.ಯೇ ಸಾಕು. ಕಾದಷ್ಟೂ ಸ್ನಾಯು ಸಾಯುತ್ತದೆ. ರಕ್ತ ಪರೀಕ್ಷೆ ಬೇಕಾಗುವುದು ಇ.ಸಿ.ಜಿ. ಬಾಯಿ ಬಿಡದವರಿಗೆ. ನನ್ನ ಅಕ್ಕನಂಥವರಿಗೆ. ಮೂತ್ರಪಿಂಡದ ಕಾಯಿಲೆ, ಜೋರಾದ ಸೋಂಕು ಇವುಗಳಲ್ಲೂ ಟ್ರೊಪೋನಿನ್ ಮೇಲಿರಬಹುದು, ಆದ್ದರಿಂದ ಒಂದು ಸಂಖ್ಯೆ ನೋಡಿ ತೀರ್ಮಾನ ಮಾಡಲಾಗದು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಅದು ಏರಿತೇ ಎಂಬುದೇ ಮುಖ್ಯ. ಸೂಕ್ಷ್ಮ ಪರೀಕ್ಷೆ ಇರುವ ಕಡೆ ಈಗ ಆರು ಗಂಟೆ ಕಾಯಬೇಕಿಲ್ಲ, ಒಂದೆರಡು ಗಂಟೆಯ ಅಂತರ ಸಾಕಾಗುತ್ತದೆ. ಎರಡು ಸಲ ಎಂಬುದು ಮಾತ್ರ ಬದಲಾಗಿಲ್ಲ.

ಕಳೆದ 2024ರಲ್ಲಿ ಒಂದು ದಿನ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಕ್ಕ ಅನ್ನ ಬಸಿಯುತ್ತಿದ್ದವಳು ಸೌಟು ಕೆಳಗಿಟ್ಟು ಗೋಡೆಗೆ ಒರಗಿದಳು. ಐದನೇ ತರಗತಿಯ ಒಬ್ಬ ಹುಡುಗಿ ಓಡಿ ಬಂದು, "ಟೀಚರ್, ಅಡ್ಗೆ ಅತ್ತೆ ಬೆವುರ್ತಾ ಅದಾರೆ" ಎಂದಳು. ಹೋಗಿ ನೋಡಿದೆ. ಅದೇ ಬೆವರು. "ಏನಿಲ್ಲ ಕಣ್ರಿ ಟೀಚರ್. ಬೆಳಗ್ಗೆ ಏನೂ ತಿಂದಿರ್ಲಿಲ್ಲ, ಗ್ಯಾಸ್ ಹಿಡ್ಕಂಡೈತೆ. ಬೆನ್ನು ಸೆಳೀತೈತೆ" ಎಂದಳು. ನಾನು ಗಡಿಯಾರ ನೋಡಿಕೊಂಡೆ. ಹನ್ನೊಂದೂ ಇಪ್ಪತ್ತು. ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ನನ್ನ ಕೈ ನಡುಗುತ್ತಿತ್ತು.

108ಕ್ಕೆ ಫೋನು ಮಾಡಿ ಅವಳ ಜೊತೆ ನಾನೇ ಹೊರಟೆ. ಮೊದಲು ಹೋದ ಕಡೆ ಇ.ಸಿ.ಜಿ. ತೆಗೆದರು. ಸ್ಪಷ್ಟವಾಗಿ ಏನೂ ಹೇಳಲಾಗುವುದಿಲ್ಲ, ದಾವಣಗೆರೆಗೆ ಹೋಗಿಬಿಡಿ ಎಂದು ಕಳಿಸಿದರು. ಕಳಿಸಿದ್ದಕ್ಕೆ ಅವರಿಗೆ ಎಷ್ಟು ಕೈಮುಗಿದರೂ ಸಾಲದು. ದಾವಣಗೆರೆಯಲ್ಲಿ ರಕ್ತ ತೆಗೆದುಕೊಂಡ ಹುಡುಗಿಗೆ ನನ್ನ ಅಂಗೈ ತೋರಿಸಿ, "ನೋವು ಶುರುವಾದದ್ದು ಈ ಹೊತ್ತಿಗೆ" ಎಂದೆ. ಅವಳು ನಕ್ಕು ಬರೆದುಕೊಂಡಳು. ಮುಕ್ಕಾಲು ಗಂಟೆ ಆದಮೇಲೆ ರಿಪೋರ್ಟು ಬಂತು. 14. ಹದಿನಾರರ ಒಳಗೇ ಇದೆ!

"ನೋಡಿದ್ರಾ ಟೀಚರ್, ಗ್ಯಾಸೇ ಅಂದ್ನಲ್ಲ, ಮನೀಗೆ ಹೋಗಾನ ನಡೀರಿ" ಎಂದು ಅಡುಗೆಯಕ್ಕ ಕಾಲು ಕೆಳಗಿಳಿಸಿದಳು. ಆ ಹೊತ್ತಿಗೆ ನನಗೆ ಹನ್ನೆರಡು ವರ್ಷದ ಹಿಂದೆ ದಾರಿಯಲ್ಲಿ ತಿಂದ ಇಡ್ಲಿಯ ರುಚಿ ಬಾಯಿಗೆ ಬಂದಂತಾಯಿತು. "ಕೂತ್ಕ. ಇನ್ನೊಂದ್ ಸಲ ನೋಡ್ಬೇಕು" ಎಂದೆ, ಮಕ್ಕಳಿಗೆ ಗದರುವ ದನಿಯಲ್ಲಿ. ಅಲ್ಲಿನ ಡಾಕ್ಟರಮ್ಮನೂ ಅದನ್ನೇ ಹೇಳಿದರು, ನಾನು ಜೋರು ಮಾಡಬೇಕಾಗಿಯೇ ಇರಲಿಲ್ಲ.

ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಅಡುಗೆಯಕ್ಕನಿಗೆ ಮನೆಯ ಎಮ್ಮೆಯ ಚಿಂತೆ, ಮೊಮ್ಮಗನ ಚಿಂತೆ. ನಡುವೆ ಒಮ್ಮೆ ನನ್ನನ್ನು ಹತ್ತಿರ ಕರೆದು ಸೊಂಟದಿಂದ ಕೀಲಿ ತೆಗೆದು ಕೊಟ್ಟಳು. "ನಾಳೆ ಮೊಟ್ಟೆ ಕೊಡೋ ದಿನ. ಸ್ಟೋರ್ ರೂಮಿನ ಕೀಲಿ ನನ್ನತ್ರನೇ ಉಳ್ಕಂಡೈತೆ. ಹೆಡ್‌ಮೇಷ್ಟ್ರಿಗೆ ಮುಟ್ಟಿಸ್ರಿ." ಎರಡನೆಯ ರಕ್ತದ ರಿಪೋರ್ಟು ಬಂದಾಗ ಅದರಲ್ಲಿ 61 ಎಂದಿತ್ತು. ಅವಳನ್ನು ಕೂಡಲೇ ಒಳಗೆ ಸೇರಿಸಿಕೊಂಡರು. ಮರುದಿನ ಆಂಜಿಯೋಗ್ರಾಂ ಆಗಿ ಒಂದು ಸ್ಟೆಂಟ್ ಹಾಕಿದರು. ಎರಡು ತಿಂಗಳ ಮೇಲೆ ಅವಳು ಶಾಲೆಗೆ ಬಂದಳು. ಈಗ ಭಾರದ ಪಾತ್ರೆ ಎತ್ತುವುದು ಅವಳ ಜೊತೆಗಾತಿ. ಉಪ್ಪು ಖಾರ ನೋಡುವುದು ಅವಳೇ.

ಆ ರಾತ್ರಿ ಆಸ್ಪತ್ರೆಯ ವರಾಂಡದಿಂದಲೇ ಅಕ್ಕನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡಳು.

"ಎಷ್ಟೊತ್ತು ಬಿಟ್ಟು ನೋಡಿದ್ರು ಎರಡನೇ ಸಲ?" ಎಂದಳು.

"ಎರಡು ಗಂಟೆ ಬಿಟ್ಟು."

"ಎರಡೇ ಗಂಟೆನಾ?" ಎಂದು ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, "ನೀನು ಉಂಡ್ಯೋ ಇಲ್ವೋ? ಅಲ್ಲೇ ಎಲ್ಲಾದ್ರೂ ಹೋಗಿ ಒಂದೀಟು ತಿಂದು ಬಾ. ಸುಮ್ನೆ ಹಸ್ಕಂಡು ಕೂತಿರ್ಬೇಡ" ಎಂದಳು.